ಧಾತು ಸಂವತ್ಸರದ ಬರ ಮತ್ತು ಪೆರಿಯಕುಳಮಿನ ಎರಡು ಬೆಟ್ಟಗಳು

ಪೆರಿಯಕುಳಂ ಎಂಬ ಹೆಸರು ಕನ್ನಡಿಗನ ಕಿವಿಗೆ ಅಪರಿಚಿತವಾಗಿ ಕೇಳಿಸದು. ಹಳಗನ್ನಡದ ‘ಪಿರಿಯ’, ಇಂದಿಗೂ ನಮ್ಮ ಬಾಯಲ್ಲಿರುವ ‘ಕೊಳ’, ಇವೆರಡರ ಒಡಹುಟ್ಟಿದ ಶಬ್ದಗಳೇ ಆ ಹೆಸರಿನಲ್ಲಿ ಕೂಡಿವೆ. ವರಾಹ ನದಿಯ ದಂಡೆಯ ಮೇಲಿರುವ ಈ ಊರು ಮೊದಲು ಮಧುರೆ ಜಿಲ್ಲೆಗೆ ಸೇರಿತ್ತು. 1996ರಲ್ಲಿ ತೇನಿ ಜಿಲ್ಲೆ ಪ್ರತ್ಯೇಕವಾದ ಮೇಲೆ ಅದರ ಪಾಲಿಗೆ ಬಂದಿತು. ಊರಿನ ಉತ್ತರಕ್ಕೆ ಪಳನಿ ಬೆಟ್ಟಗಳು ಗೋಡೆಯಂತೆ ನಿಂತಿವೆ. ಅವುಗಳ ನೆತ್ತಿಯ ಮೇಲೆ ಕೊಡೈಕಾನಲ್. ನೈಋತ್ಯಕ್ಕೆ ಕಂಬಂ ಕಣಿವೆ ಚಾಚಿಕೊಂಡಿದೆ. ಕಣಿವೆಯ ತುದಿಯಲ್ಲಿ ಘಟ್ಟವನ್ನೇರಿ ಆಚೆಗಿಳಿದರೆ ಪಡುವಣ ಕಡಲಿಗೆ ಹರಿಯುವ ಪೆರಿಯಾರ್ ನದಿ. ಈ ಕಣಿವೆಯಲ್ಲಿ ಕಪ್ಪಿಲಿಯರು ಮೊದಲಾದ ಕನ್ನಡ ಮನೆಮಾತಿನ ಒಕ್ಕಲುಗಳು ತಲೆತಲಾಂತರದಿಂದ ನೆಲೆಸಿರುವರೆಂಬುದನ್ನು ನಮ್ಮ ವಾಚಕರಲ್ಲಿ ಕೆಲವರು ಬಲ್ಲರು. ಅವರು ಶಾಲೆಯಲ್ಲಿ ಓದುವುದು ತಮಿಳನ್ನು, ಮನೆಯಲ್ಲಿ ಆಡುವುದು ಕನ್ನಡವನ್ನು.

ಶಾಲೆಯ ಭೌತವಿಜ್ಞಾನದ ಪುಸ್ತಕವನ್ನು ತೆರೆದರೆ ಬಲ, ಭ್ರಾಮಕ, ಕಾಂತ, ವಿದ್ಯುತ್ತು ಎಂಬ ಅಧ್ಯಾಯಗಳು ಒಂದರ ಗೊಡವೆ ಒಂದಕ್ಕಿಲ್ಲದಂತೆ ಸಾಲಾಗಿ ನಿಂತಿರುತ್ತವೆ. ಹುಡುಗರು ಒಂದನ್ನು ಮುಗಿಸಿ, ಮರೆತು, ಮುಂದಿನದಕ್ಕೆ ಹೋಗುತ್ತಾರೆ. ಪೆರಿಯಕುಳಮಿನ ಸೀಮೆಯ ಒಂದೂವರೆ ಶತಮಾನದ ಚರಿತ್ರೆಯನ್ನು ನೋಡಿದರೆ ಈ ಅಧ್ಯಾಯಗಳೆಲ್ಲ ಒಂದೇ ಬರಗಾಲದಿಂದ ಹೊರಟು, ಬೇರೆ ಬೇರೆ ಬೆಟ್ಟಗಳನ್ನು ಹತ್ತಿ, ಕಡೆಗೆ ಒಂದೇ ಕಣಿವೆಯಲ್ಲಿ ಸೇರಿದುದು ಕಾಣುತ್ತದೆ. ಆ ಕಥೆಯನ್ನು ಹೇಳುವುದೇ ಈ ಲೇಖನದ ಉದ್ದೇಶ.

ಬರಗಾಲಕ್ಕೆ ಮುಂಚಿನ ಸ್ಥಿತಿಯನ್ನು ಮೊದಲು ನೋಡೋಣ. ಹೊಳೆಯ ನೀರು ನಿಲುಕದ ಹೊಲಗಳಿಗೆ ಬಾವಿಯೇ ಗತಿ. ಬಾವಿಯಿಂದ ನೀರೆತ್ತಲು ತಮಿಳುನಾಡಿಗೂ ನಮ್ಮ ಬಯಲುಸೀಮೆಗೂ ಸಮಾನವಾಗಿದ್ದ ಸಾಧನಗಳು ಎರಡು: ಏತ ಮತ್ತು ಕಪಿಲೆ. ಏತವೆಂದರೆ ಕಂಬದ ಮೇಲೆ ಅಡ್ಡಲಾಗಿ ಕೂರಿಸಿದ ಉದ್ದನೆಯ ತೊಲೆ. ಒಂದು ತುದಿಯಿಂದ ಬಾವಿಯೊಳಕ್ಕೆ ಬಾನೆ ತೂಗುತ್ತದೆ. ತೊಲೆಯ ಬೆನ್ನಿನ ಮೇಲೆ ಒಬ್ಬ ಆಳು ಹಿಂದಕ್ಕೂ ಮುಂದಕ್ಕೂ ನಡೆಯುತ್ತಾನೆ. ಅವನು ನೀರನ್ನು ಕೈಯಿಂದ ಮುಟ್ಟುವುದೇ ಇಲ್ಲ. ಆನಿಕೆಯಿಂದ ಹತ್ತಡಿ ದೂರದಲ್ಲಿ 60 ಪೌಂಡು ನೀರು ತೂಗುತ್ತಿದೆಯೆನ್ನೋಣ. ಆಳಿನ ತೂಕ 120 ಪೌಂಡು. ಅವನು ಆನಿಕೆಯಿಂದ ಆಚೆಗೆ ಐದಡಿ ನಡೆದಾಗ ತೊಲೆ ಸಮತೂಕಕ್ಕೆ ಬರುತ್ತದೆ. ಇನ್ನೊಂದು ಹೆಜ್ಜೆಯಿಟ್ಟರೆ ಬಾನೆ ತಾನಾಗಿ ಮೇಲೇಳುತ್ತದೆ. ಬಲವನ್ನು ಆನಿಕೆಯಿಂದ ಅದಕ್ಕಿರುವ ದೂರದಿಂದ ಗುಣಿಸಿದಾಗ ಬರುವ ಮೊತ್ತವೇ ಭ್ರಾಮಕ, ಎಂದರೆ ತಿರುಗಿಸುವ ಸಾಮರ್ಥ್ಯ. ಏತದ ಮೇಲೆ ನಡೆಯುವವನಿಗೆ ಈ ಹೆಸರು ಗೊತ್ತಿಲ್ಲದಿದ್ದರೂ ಎಷ್ಟನೆಯ ಹೆಜ್ಜೆಗೆ ತೊಲೆ ಬಾಗುವುದೆಂಬುದು ಅವನ ಅಂಗಾಲಿಗೆ ಗೊತ್ತಿರುತ್ತದೆ. ಕಪಿಲೆಯಲ್ಲಿ ಈ ಕೆಲಸ ಎತ್ತುಗಳದು. ಹಗ್ಗ ರಾಟೆಯ ಮೇಲೆ ಹಾದುಬರುತ್ತದೆ. ಎತ್ತುಗಳು ಇಳಿಜಾರಿನಲ್ಲಿ ಕೆಳಕ್ಕೆ ನಡೆಯುತ್ತವೆ. ಅವುಗಳ ಮೈಭಾರವೂ ಎಳೆತಕ್ಕೆ ಕೂಡಿಕೊಂಡು ತೊಗಲಿನ ಚೀಲ ಮೇಲಕ್ಕೆ ಬರುತ್ತದೆ. ಭಾರವನ್ನೇ ಕೂಲಿಯಾಳನ್ನಾಗಿ ಮಾಡಿಕೊಂಡ ಈ ಉಪಾಯವನ್ನು ಕಂಡುಹಿಡಿದವರು ಯಾರೋ, ಅವರ ಬುದ್ಧಿ ಸಾಮಾನ್ಯದ್ದಲ್ಲ.

ಆದರೆ ಬಾವಿಯಲ್ಲಿ ನೀರೇ ಇಲ್ಲದಾಗ ಯಾವ ಭ್ರಾಮಕವೂ ನೆರವಾಗದು. 1876ನೆಯ ಇಸವಿ ಧಾತು ಸಂವತ್ಸರ, ಮರುವರ್ಷ ಈಶ್ವರ. ಆ ಎರಡು ವರ್ಷಗಳ ಕ್ಷಾಮವನ್ನು ಮೈಸೂರು ಸೀಮೆಯ ಹಿರಿಯರು ಸಂವತ್ಸರದ ಹೆಸರಿನಿಂದಲೇ ನೆನೆಯುತ್ತಿದ್ದರು. ತಮಿಳರೂ ಅದನ್ನು ‘ತಾದು ವರುಷದ ಪಂಜ’ವೆಂದೇ ಕರೆದರು. ದಕ್ಷಿಣ ಭಾರತದಲ್ಲಿ ಐವತ್ತು ಲಕ್ಷಕ್ಕೂ ಮೀರಿದ ಜನ ಅದರಲ್ಲಿ ಸತ್ತರೆಂದು ಅಂದಾಜು. ಮೈಸೂರು ಸಂಸ್ಥಾನವೊಂದೇ ತನ್ನ ಪ್ರಜೆಗಳಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಕಳೆದುಕೊಂಡಿತು. ಮಧುರೆ ಜಿಲ್ಲೆಯ ವೈಗೈ ನದಿ ಒಣಗಿದ ಮರಳಾಯಿತು. ಘಟ್ಟದ ಆ ಮಗ್ಗುಲಲ್ಲಾದರೋ ಪೆರಿಯಾರ್ ನದಿ ಎಂದಿನಂತೆ ಕಾಡಿನ ಮಳೆಯನ್ನೆಲ್ಲ ಹೊತ್ತು ಯಾರಿಗೂ ಬೇಡವಾದಂತೆ ಕಡಲಿಗೆ ಹೋಗುತ್ತಿತ್ತು.

ಈ ಬರದಿಂದ ಸರ್ಕಾರಕ್ಕೆ ಎರಡು ಪ್ರಶ್ನೆಗಳು ಹುಟ್ಟಿದವು. ಪಡುವಣಕ್ಕೆ ಹರಿಯುವ ನೀರನ್ನು ಮೂಡಣಕ್ಕೆ ತಿರುಗಿಸಬಹುದೆ? ಮಳೆ ತಪ್ಪುವುದನ್ನು ಮೊದಲೇ ಅರಿಯಬಹುದೆ? ಮೊದಲನೆಯ ಪ್ರಶ್ನೆ ಕಂಬಂ ಕಣಿವೆಯ ತುದಿಯ ಘಟ್ಟವನ್ನು ಹತ್ತಿತು. ಎರಡನೆಯದು ಪಳನಿ ಬೆಟ್ಟವನ್ನು ಹತ್ತಿತು.

ನೀರನ್ನು ತಿರುಗಿಸುವ ಯೋಚನೆ ಹೊಸದೇನೂ ಆಗಿರಲಿಲ್ಲ. 1789ರಲ್ಲಿಯೇ ರಾಮನಾಡಿನ ಪ್ರಧಾನಿ ಮುತ್ತಿರುಳಪ್ಪ ಪಿಳ್ಳೆಯವರು ಅದನ್ನು ಪರಿಶೀಲಿಸಿದ್ದರು. 1808ರಲ್ಲಿ ಕಾಲ್ಡ್‌ವೆಲ್ ಎಂಬ ಇಂಜಿನಿಯರು ಸ್ಥಳವನ್ನು ನೋಡಿ, ಇದು ಆಗದ ಹೋಗದ ಮಾತೆಂದು ವರದಿ ಮಾಡಿದರು. 1850ರಲ್ಲಿ ಒಂದು ಸಣ್ಣ ಅಣೆಯ ಕೆಲಸ ಆರಂಭವಾಗಿ, ಕೂಲಿಗಳಿಗೆ ಜ್ವರ ಹಿಡಿದು ನಿಂತುಹೋಯಿತು. ಧಾತು ಸಂವತ್ಸರದ ತರುವಾಯ ಮಾತ್ರ ಅದನ್ನು ಬಿಟ್ಟುಬಿಡುವ ಧೈರ್ಯ ಯಾರಿಗೂ ಉಳಿಯಲಿಲ್ಲ. 1886ರ ಅಕ್ಟೋಬರ್ 29ರಂದು ತಿರುವಾಂಕೂರು ಮಹಾರಾಜರಿಗೂ ಬ್ರಿಟಿಷ್ ಸರ್ಕಾರಕ್ಕೂ ಒಪ್ಪಂದವಾಯಿತು. 8,000 ಎಕರೆ ನೆಲ, ಎಕರೆಗೆ ವರ್ಷಕ್ಕೆ ಐದು ರೂಪಾಯಿ ಗೇಣಿ, ಗುತ್ತಿಗೆಯ ಅವಧಿ 999 ವರ್ಷ. ಗುತ್ತಿಗೆ ಬರೆದವರು ಸಾವಿರಕ್ಕೆ ಒಂದನ್ನೇ ಏಕೆ ಕಡಮೆ ಮಾಡಿದರೋ, ವಕೀಲರನ್ನೇ ಕೇಳಬೇಕು.

ಕೆಲಸ 1887ರಲ್ಲಿ ಆರಂಭವಾಯಿತು. ಅದರ ಮುಖ್ಯ ಇಂಜಿನಿಯರಾಗಿದ್ದವರು ಜಾನ್ ಪೆನ್ನಿಕ್ವಿಕ್. ಆನೆಗಳ ಕಾಡು, ಮಲೇರಿಯಾ, ವರ್ಷದಲ್ಲಿ ಬಹುಪಾಲು ಬಿಡದ ಮಳೆ. ಹೊಳೆಯನ್ನು ತಡೆಯಲು ಹಾಕಿದ ಒಡ್ಡುಗಳು ಮತ್ತೆ ಮತ್ತೆ ಪ್ರವಾಹದಲ್ಲಿ ಕೊಚ್ಚಿಹೋದವು. ನೂರಾರು ಮಂದಿ ಕೂಲಿಗಳು ರೋಗದಿಂದ ಅಲ್ಲಿಯೇ ಮಡಿದರು. ಪೆನ್ನಿಕ್ವಿಕ್ಕರ ಹುಟ್ಟಿದ ದಿನವಾದ ಜನವರಿ 15 ಪೊಂಗಲಿನ ಕಾಲಕ್ಕೆ ಬೀಳುವುದರಿಂದ, ಕಣಿವೆಯ ರೈತರು ಇಂದಿಗೂ ಅವರ ಪಟಕ್ಕೆ ಪೊಂಗಲ್ ಎಡೆಮಾಡುತ್ತಾರೆ. ಮಕ್ಕಳಿಗೆ ಅವರ ಹೆಸರನ್ನಿಡುವುದೂ ಉಂಟು. ಸತ್ತ ಕೂಲಿಗಳ ಹೆಸರನ್ನು ಇಡೋಣವೆಂದರೆ ಆ ಹೆಸರುಗಳು ಯಾರ ನಾಲಗೆಯ ಮೇಲೂ ಉಳಿದಿಲ್ಲ.

ಈ ಅಣೆಯ ಸೂತ್ರ ಬಹು ಸರಳ. ಇಲ್ಲಿ ನೀರನ್ನು ಎತ್ತುವ ಯಂತ್ರವಾವುದೂ ಇಲ್ಲ. ಹೊಳೆಗೆ ಅಡ್ಡಲಾಗಿ ಗೋಡೆ ಕಟ್ಟಿದರೆ ನೀರು ತನ್ನಷ್ಟಕ್ಕೆ ತಾನೇ ಏರುತ್ತದೆ. ಸಾಕಷ್ಟು ಏರಿದ ಮೇಲೆ ಬೆಟ್ಟದ ನೆತ್ತಿಯನ್ನು ಕೊರೆದ 5,704 ಅಡಿ ಉದ್ದದ ಸುರಂಗದ ಬಾಯಿಗೆ ಬಂದು ಮುಟ್ಟುತ್ತದೆ; ಅಲ್ಲಿಂದ ಮೂಡಣ ಇಳಿಜಾರಿಗೆ ಬಿದ್ದು ಸುರುಳಿಯಾರು, ವೈಗೈಗಳನ್ನು ಸೇರುತ್ತದೆ. ಎತ್ತುವ ಕೆಲಸ ಗೋಡೆಯದು, ಇಳಿಸುವ ಕೆಲಸ ಭೂಮಿಯ ಗುರುತ್ವಾಕರ್ಷಣೆಯದು. ನೀರಿನ ಮಟ್ಟ 104 ಅಡಿಗಿಂತ ಕೆಳಗಿಳಿದರೆ ಸುರಂಗಕ್ಕೆ ಒಂದು ಹನಿಯೂ ಬಾರದು. ಈ 104 ಎಂಬ ಅಂಕೆಯನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು. ಮುಂದಿನ ಜಗಳವೆಲ್ಲ ಅದರ ಮೇಲಿನ ಕೆಲವೇ ಅಡಿಗಳದು.

ಗೋಡೆಯ ವಿಚಾರಕ್ಕೆ ಬರೋಣ. ಮುಲ್ಲಪೆರಿಯಾರ್ ಅಣೆ ‘ಭಾರದ ಅಣೆ’ಗಳ ಜಾತಿಗೆ ಸೇರಿದುದು. ಸುಣ್ಣ ಮತ್ತು ಸುರ್ಕಿ ಕಲಸಿದ ಗಾರೆಯ ಒಡಲು, ಎರಡು ಕಡೆಗೂ ಕಲ್ಲಿನ ಕಟ್ಟಡ. ತಳಪಾಯದಿಂದ ಎತ್ತರ 176 ಅಡಿ, ಉದ್ದ ಸುಮಾರು 1,200 ಅಡಿ. ನೆತ್ತಿಯ ಅಗಲ 12 ಅಡಿಯಾದರೆ ಬುಡದ ಅಗಲ 138 ಅಡಿ. ಸುರ್ಕಿಯೆಂದರೆ ಸುಟ್ಟ ಇಟ್ಟಿಗೆಯ ಪುಡಿಯೆಂಬುದನ್ನು ಮೈಸೂರು ಸೀಮೆಯವರಿಗೆ ಹೇಳಬೇಕಾದುದಿಲ್ಲ. ನಮ್ಮ ಕೃಷ್ಣರಾಜಸಾಗರವನ್ನು ಕಟ್ಟಿದುದೂ ಸುರ್ಕಿ ಗಾರೆಯಿಂದಲೇ. ಬುಡ ಅಷ್ಟು ಅಗಲ, ತಲೆ ಇಷ್ಟು ಕಿರಿದು ಏಕೆ ಎಂದು ತರಗತಿಯಲ್ಲಿ ಕೇಳಿದರೆ, ಕೆಳಗೆ ನೀರಿನ ಒತ್ತಡ ಹೆಚ್ಚೆಂದು ಹುಡುಗರು ಉತ್ತರ ಕೊಡುತ್ತಾರೆ. ಉತ್ತರ ಸರಿಯೇ, ಆದರೆ ಅರ್ಧ ಮಾತ್ರ.

ಮಿಕ್ಕ ಅರ್ಧ ಏತದ ತೊಲೆಯಲ್ಲಿದೆ. ನೀರು ಗೋಡೆಯನ್ನು ಮುಂದಕ್ಕೆ ತಳ್ಳುವುದಲ್ಲದೆ, ಅದರ ಕೆಳಬದಿಯ ಬುಡದಂಚನ್ನು ಆನಿಕೆಯನ್ನಾಗಿ ಮಾಡಿಕೊಂಡು ಮಗುಚಲೂ ಯತ್ನಿಸುತ್ತದೆ. ಗೋಡೆ ತನ್ನ ಭಾರದಿಂದ ಆ ಮಗುಚುವಿಕೆಯನ್ನು ತಡೆಯುತ್ತದೆ. ಒಂದು ಕಡೆ ನೀರಿನ ಭ್ರಾಮಕ, ಇನ್ನೊಂದು ಕಡೆ ಕಲ್ಲಿನ ಭ್ರಾಮಕ. ಇಡೀ ಅಣೆಯೇ ಎಂದಿಗೂ ಅಲುಗಬಾರದ ಒಂದು ಮಹಾ ಏತ. ಬುಡ ಅಗಲವಾದಷ್ಟೂ ಕಲ್ಲಿನ ಭಾರಕೇಂದ್ರ ಆನಿಕೆಯಿಂದ ದೂರವಾಗುತ್ತದೆ, ಅದರ ಹಿಡಿತ ಹೆಚ್ಚುತ್ತದೆ.

ಲೆಕ್ಕವನ್ನು ಶಾಲೆಯ ಹಲಗೆಯ ಮೇಲೆಯೇ ಮಾಡಬಹುದು. ನಿಜವಾದ ಅಣೆಯ ಲೆಕ್ಕದಲ್ಲಿ ತಳಪಾಯ, ಭೂಕಂಪ, ಜಿನುಗು ನೀರು ಮೊದಲಾದ ಹತ್ತು ಸಂಗತಿಗಳು ಸೇರುತ್ತವೆ; ನಾವು ಅವನ್ನೆಲ್ಲ ಬಿಟ್ಟು, ನೇರವಾಗಿ ನಿಂತ ಗೋಡೆಯ ಬೆನ್ನಿಗೆ ನಿಂತ ನೀರನ್ನು ಮಾತ್ರ ನೋಡೋಣ. ಒಂದು ಘನ ಅಡಿ ನೀರಿನ ತೂಕ 62.5 ಪೌಂಡು. ಮೇಲೆ ಒತ್ತಡ ಸೊನ್ನೆ, ಕೆಳಗೆ ಪೂರ್ಣ, ಸರಾಸರಿ ಅರ್ಧ. ಆದ್ದರಿಂದ ಗೋಡೆಯ ಒಂದಡಿ ಉದ್ದದ ಮೇಲಿನ ತಳ್ಳುಬಲ ಆಳದ ವರ್ಗವನ್ನು 31.25ರಿಂದ ಗುಣಿಸಿದಷ್ಟು. ಅದು ತಳದಿಂದ ಆಳದ ಮೂರನೆಯ ಒಂದು ಭಾಗದ ಎತ್ತರದಲ್ಲಿ ನಾಟುತ್ತದೆ. ಅಣೆಯನ್ನು ಕಟ್ಟಿದವರು ಉದ್ದೇಶಿಸಿದ ಪೂರ್ಣ ಮಟ್ಟ 152 ಅಡಿ. ಆ ಮಟ್ಟದಲ್ಲಿ ಒಂದಡಿ ಉದ್ದದ ಮೇಲೆ ಬೀಳುವ ಬಲ 7,22,000 ಪೌಂಡು, ಅಂದರೆ ಸುಮಾರು 322 ಟನ್ನು. ಮಗುಚುವ ಭ್ರಾಮಕ ಸುಮಾರು 16,300 ಅಡಿ-ಟನ್ನು. ಮಟ್ಟವನ್ನು 136 ಅಡಿಗೆ ಇಳಿಸಿದರೆ ಬಲ 258 ಟನ್ನಿಗೂ ಭ್ರಾಮಕ 11,700ಕ್ಕೂ ಇಳಿಯುತ್ತದೆ. ನೀರನ್ನು ಹತ್ತರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಇಳಿಸಿದರೆ ಬಲ ಐದರಲ್ಲಿ ಒಂದು ಪಾಲು, ಭ್ರಾಮಕ ನೂರಕ್ಕೆ 28ರಷ್ಟು ಕುಗ್ಗಿತು. ಬಲ ಆಳದ ವರ್ಗವನ್ನೂ ಭ್ರಾಮಕ ಆಳದ ಘನವನ್ನೂ ಹಿಂಬಾಲಿಸುವುದೇ ಇದಕ್ಕೆ ಕಾರಣ.

ಈ ಘನವೇ ಎರಡು ರಾಜ್ಯಗಳ ನಿದ್ದೆಯನ್ನು ಕೆಡಿಸಿದೆ. 1979ರ ಆಗಸ್ಟ್ ತಿಂಗಳಲ್ಲಿ ಗುಜರಾತಿನ ಮೋರ್ವಿಯ ಬಳಿ ಮಚ್ಛು ನದಿಯ ಅಣೆಯೊಡೆದು ಸಾವಿರಾರು ಜನ ಸತ್ತರು. ಆಗ ಪೆರಿಯಾರಿನ ಕೆಳಹರಿವಿನಲ್ಲಿರುವ ಕೇರಳದ ಜನರಿಗೆ ತಮ್ಮ ತಲೆಯ ಮೇಲಿನ ಸುರ್ಕಿಯ ಗೋಡೆ ನೆನಪಾಯಿತು. ಆ ವರ್ಷವೇ ನೀರಿನ ಮಟ್ಟವನ್ನು 136 ಅಡಿಗೆ ಇಳಿಸಲಾಯಿತು. ಬಳಿಕ ಅಣೆಯನ್ನು ಬಲಪಡಿಸಿದ ರೀತಿಯನ್ನು ನೋಡಿದರೆ ಅದೊಂದು ಭ್ರಾಮಕದ ಪಾಠವೇ ಸರಿ. ನೆತ್ತಿಯ ಮೇಲೆ ಕಾಂಕ್ರೀಟಿನ ಟೋಪಿಯನ್ನು ಕೂರಿಸಿ ಭಾರವನ್ನು ಹೆಚ್ಚಿಸಿದರು; ನೆತ್ತಿ ನೀರಿನ ಬದಿಗೆ ಇರುವುದರಿಂದ ಆ ಭಾರಕ್ಕೆ ಆನಿಕೆಯಿಂದ ಬಹು ದೂರ. ಅಣೆಯ ಒಡಲನ್ನು ಮೇಲಿನಿಂದ ತಳದ ಬಂಡೆಯವರೆಗೆ ಕೊರೆದು ಉಕ್ಕಿನ ಹಗ್ಗಗಳನ್ನಿಳಿಸಿ ಬಿಗಿದರು. ಅವು ಗೋಡೆಯನ್ನು ಬಂಡೆಗೆ ಎಳೆದು ಹಿಡಿಯುತ್ತವೆ. ಹಿಂಬದಿಗೆ ಕಾಂಕ್ರೀಟಿನ ಒತ್ತುಗೋಡೆಯನ್ನು ಕೂಡಿಸಿ ಬುಡವನ್ನು ಅಗಲಮಾಡಿದರು. ಅಂದರೆ ಆನಿಕೆಯನ್ನೇ ದೂರಕ್ಕೆ ಸರಿಸಿದರು. ಇಷ್ಟಾದ ಮೇಲೆ ಮಟ್ಟವನ್ನು ಏರಿಸಬಹುದೆಂದು ತಮಿಳುನಾಡು, ಕೂಡದೆಂದು ಕೇರಳ. 2006ರಲ್ಲಿ ಸರ್ವೋಚ್ಚ ನ್ಯಾಯಾಲಯ 142 ಅಡಿಗೆ ಅನುಮತಿ ಕೊಟ್ಟಿತು. ಕೇರಳ ಅದನ್ನು ತಡೆಯಲು ಶಾಸನ ಮಾಡಿತು. 2014ರ ಮೇ 7ರಂದು ನ್ಯಾಯಾಲಯದ ಸಂವಿಧಾನ ಪೀಠ ಆ ಶಾಸನವನ್ನು ತಳ್ಳಿಹಾಕಿ 142ನ್ನೇ ಸ್ಥಿರಪಡಿಸಿತು. ಅದೇ ವರ್ಷ ನವೆಂಬರಿನಲ್ಲಿ ನೀರು ಆ ಗೆರೆಯನ್ನು ಮುಟ್ಟಿತು.

ಆರಡಿಗಾಗಿ ಇಷ್ಟು ರಂಪವೇ ಎಂದು ದೂರದವರು ನಗುವುದುಂಟು. ಆರಡಿಯೆಂದರೆ ಆಳದಲ್ಲಿ ನೂರಕ್ಕೆ ನಾಲ್ಕೂವರೆಗೂ ಕಡಮೆ. ಆದರೆ ನಮ್ಮ ಹಲಗೆಯ ಲೆಕ್ಕದಂತೆ ಮಗುಚುವ ಭ್ರಾಮಕದಲ್ಲಿ ಅದು ನೂರಕ್ಕೆ ಸುಮಾರು ಹದಿನಾಲ್ಕು. ವಂಡಿಪೆರಿಯಾರಿನಲ್ಲಿ ನದಿಯ ದಂಡೆಯ ಮೇಲೆ ಮಲಗುವವನ ಭಯ ಈ ಹದಿನಾಲ್ಕರಲ್ಲಿದೆ. ಕಂಬಂ ಕಣಿವೆಯ ರೈತನಾದರೋ 104ರಿಂದ ಮೇಲಕ್ಕೆ ಎಣಿಸುತ್ತಾನೆ; ಅವನಿಗೆ ದಕ್ಕುವ ನೀರು 136ರ ಮಟ್ಟದಲ್ಲಿ 32 ಅಡಿಯ ಪದರ, 142ರಲ್ಲಿ 38 ಅಡಿಯದು. ಕೊಳವು ಮೇಲೆ ಹೋದಂತೆ ಅಗಲವಾಗುವುದರಿಂದ ಮೇಲಿನ ಆರಡಿಯಲ್ಲಿ ಕೆಳಗಿನ ಆರಡಿಗಿಂತ ಹೆಚ್ಚು ನೀರು ಹಿಡಿಯುತ್ತದೆ. ಇಬ್ಬರ ಎಣಿಕೆಯೂ ತಪ್ಪಲ್ಲ. ನನ್ನ ಅಭಿಪ್ರಾಯದಲ್ಲಿ ಈ ವ್ಯಾಜ್ಯವನ್ನು ಪತ್ರಿಕೆಗಳಲ್ಲಿ ಓದುವ ನಾವು ಯಾವ ಪಕ್ಷವನ್ನು ಹಿಡಿಯುವುದಕ್ಕೂ ಮುಂಚೆ ವರ್ಗ ಮತ್ತು ಘನಗಳ ವ್ಯತ್ಯಾಸವನ್ನು ತಿಳಿದಿರುವುದು ಮೇಲು.

ಇನ್ನೊಂದು ಸಂಗತಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಪೆರಿಯಾರ್ ಅಣೆ ಮುಗಿದ ವರ್ಷವೇ, 1895ರ ಏಪ್ರಿಲ್ 27ರಂದು, ಫ್ರಾನ್ಸಿನ ಬೂಜೇ ಎಂಬಲ್ಲಿ ಒಂದು ಕಲ್ಲಿನ ಅಣೆ ಒಡೆದು ಎಂಬತ್ತಕ್ಕೂ ಹೆಚ್ಚು ಜನ ಸತ್ತರು. ಗೋಡೆಯ ಸಂದುಗಳೊಳಕ್ಕೆ ಜಿನುಗಿದ ನೀರು ಅದನ್ನು ಕೆಳಗಿನಿಂದ ಮೇಲಕ್ಕೆ ಎತ್ತುತ್ತದೆ, ಅಷ್ಟರಮಟ್ಟಿಗೆ ಕಲ್ಲಿನ ಭಾರ ಸುಳ್ಳಾಗುತ್ತದೆ ಎಂಬ ಮಾತು ಇಂಜಿನಿಯರುಗಳ ಮನಸ್ಸಿಗೆ ಚೆನ್ನಾಗಿ ನಾಟಿದುದು ಆ ಅನಾಹುತದ ಬಳಿಕ. ಅಷ್ಟರಲ್ಲಿ ಪೆರಿಯಾರಿನ ಗೋಡೆ ಎದ್ದುನಿಂತಾಗಿತ್ತು.

1895ರ ಅಕ್ಟೋಬರಿನಲ್ಲಿ ಮದರಾಸಿನ ಗವರ್ನರ್ ಲಾರ್ಡ್ ವೆನ್‌ಲಾಕ್ ಪೆರಿಯಾರ್ ನೀರಿನ ಬಾಗಿಲನ್ನು ತೆರೆದರು. ಅದೇ ತಿಂಗಳಲ್ಲಿ ಅದೇ ಗವರ್ನರ್ ಕೊಡೈಕಾನಲಿನಲ್ಲಿ ಇನ್ನೊಂದು ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. ಅದು ಸೂರ್ಯನನ್ನು ನೋಡುವ ವೀಕ್ಷಣಾಲಯ. ಬರಕ್ಕೂ ಸೂರ್ಯನಿಗೂ ಏನು ಸಂಬಂಧ? ಸೂರ್ಯನ ಮುಖದ ಮೇಲೆ ಕಾಣುವ ಕರಿಯ ಕಲೆಗಳು ಸುಮಾರು ಹನ್ನೊಂದು ವರ್ಷಗಳಿಗೊಮ್ಮೆ ಹೆಚ್ಚಿ ಕಡಮೆಯಾಗುತ್ತವೆ. 1877ರ ಹೊತ್ತಿಗೆ ಕೆಲವು ವಿದ್ವಾಂಸರು ಈ ಏರಿಳಿತಕ್ಕೂ ಮದರಾಸಿನ ಮಳೆಗೂ ನಂಟು ಕಂಡೆವೆಂದರು. ಅದು ನಿಜವಾದರೆ ಬರವನ್ನು ಪಂಚಾಂಗದಲ್ಲಿ ಬರೆದಿಡಬಹುದಲ್ಲವೆ! ಕ್ಷಾಮದ ನೆನಪು ಹಸಿಯಾಗಿದ್ದ ಸರ್ಕಾರ ಈ ಆಸೆಗೆ ಹಣ ಕೊಟ್ಟಿತು. 1899ರಲ್ಲಿ ಮಿಚಿ ಸ್ಮಿತ್ ಅವರ ನೇತೃತ್ವದಲ್ಲಿ ಕೊಡೈಕಾನಲಿನ ಕೆಲಸ ಆರಂಭವಾಯಿತು.

ಆಗ ಕೊಡೈಕಾನಲಿಗೆ ಗಾಡಿಯ ರಸ್ತೆ ಇರಲಿಲ್ಲ. ಪೆರಿಯಕುಳಮಿನ ಬಳಿ ಬೆಟ್ಟದ ಬುಡದ ಕೃಷ್ಣಮ್ಮ ನಾಯಕರ ತೋಪಿನಿಂದ ಕಡಿದಾದ ಕಾಲುದಾರಿಯೇ ರೂಢಿಯ ಮಾರ್ಗ. ದೊರೆಸಾನಿಯರಿಂದ ಹಿಡಿದು ಅಕ್ಕಿಮೂಟೆಯವರೆಗೆ ಎಲ್ಲವೂ ಕೂಲಿಗಳ ಹೆಗಲಿನ ಮೇಲೆ ಏಳು ಸಾವಿರ ಅಡಿಯನ್ನೇರಬೇಕು. ಬಿದಿರಿನ ಬೊಂಬಿಗೆ ತೂಗುಹಾಕಿದ ಹೊರೆಯನ್ನು ಇಬ್ಬರು ಹೊತ್ತಾಗ ಹೊರೆಗೆ ಹತ್ತಿರವಿರುವವನ ಹೆಗಲಿಗೆ ಹೆಚ್ಚು ಭಾರ. ಆದುದರಿಂದ ಬಲಶಾಲಿಯಾದವನ ಕಡೆಗೆ ಹೊರೆಯನ್ನು ತುಸು ಸರಿಸುವುದು ಹೊರೆಯಾಳುಗಳ ಹಳೆಯ ಜಾಣ್ಮೆ. ದೂರದರ್ಶಕಗಳನ್ನು ಕುರಿತು ಬರೆಯುವವರು ಮಸೂರಗಳನ್ನು ಹೊಗಳುತ್ತಾರೆ. ಪೆರಿಯಕುಳಮಿನವರು ಹೆಗಲುಗಳನ್ನೂ ಸೇರಿಸಿಕೊಳ್ಳುವುದು ನ್ಯಾಯ.

ಮಳೆಯ ಆಸೆ ಕೈಗೂಡಲಿಲ್ಲ. ಸೂರ್ಯಕಲೆಗಳನ್ನೆಣಿಸಿ ಇಂಥ ವರ್ಷ ಬರ ಬಂದೀತೆಂದು ರೈತನಿಗೆ ಹೇಳುವ ವಿದ್ಯೆ ಅಂದೂ ಸಿದ್ಧಿಸಲಿಲ್ಲ, ಇಂದೂ ಸಿದ್ಧಿಸಿಲ್ಲ. ಹುಡುಕಿದ್ದು ಸಿಕ್ಕದೆ ಹುಡುಕದ್ದು ಸಿಕ್ಕಿತು. 1896ರಲ್ಲಿ ಹಾಲೆಂಡಿನ ಜೀಮನ್ ಅವರು ಬಲವಾದ ಕಾಂತದ ನಡುವೆ ಉರಿಯುವ ಜ್ವಾಲೆಯ ಬೆಳಕನ್ನು ಪರೀಕ್ಷಿಸಿ, ಅದರ ರೋಹಿತದ ಗೆರೆಗಳು ಕಾಂತದ ಪ್ರಭಾವದಿಂದ ಅಗಲವಾಗುವುದನ್ನು ತೋರಿಸಿದ್ದರು. 1908ರಲ್ಲಿ ಅಮೆರಿಕದ ಹೇಲ್ ಅವರು ಅಂಥದೇ ಗುರುತನ್ನು ಸೂರ್ಯಕಲೆಗಳ ಬೆಳಕಿನಲ್ಲಿ ಕಂಡು, ಕಲೆಗಳು ಮಹಾಕಾಂತಗಳೆಂದು ಸಾರಿದರು. ಭೂಮಿಯ ಕಾಂತಕ್ಷೇತ್ರದ ಸಾವಿರಾರು ಪಟ್ಟು ಬಲ ಅಲ್ಲಿದೆ. ಒಳಗಿನಿಂದ ಏರಿಬರುವ ಶಾಖವನ್ನು ಅದು ತಡೆಹಿಡಿಯುವುದರಿಂದಲೇ ಆ ಸ್ಥಳ ತಂಪಾಗಿ, ಕಪ್ಪಾಗಿ ತೋರುತ್ತದೆ. ಮರುವರ್ಷ, 1909ರ ಜನವರಿಯಲ್ಲಿ, ಕೊಡೈಕಾನಲಿನ ಜಾನ್ ಎವರ್‌ಷೆಡ್ ಅವರು ಕಲೆಯ ಅಂಚಿನಲ್ಲಿ ಅನಿಲಗಳು ನಡುವಿನಿಂದ ಹೊರಕ್ಕೆ ಹರಿಯುತ್ತಿರುವುದನ್ನು ಕಂಡುಹಿಡಿದರು. ಲೋಕದ ಖಗೋಳ ಗ್ರಂಥಗಳೆಲ್ಲ ಅದನ್ನು ಎವರ್‌ಷೆಡ್ ಪರಿಣಾಮವೆಂದೇ ಕರೆಯುತ್ತವೆ. ಪೆರಿಯಕುಳಮಿನ ಬೀದಿಯಲ್ಲಿ ನಿಂತು ಉತ್ತರಕ್ಕೆ ತಲೆಯೆತ್ತಿದರೆ ಆ ಶೋಧ ನಡೆದ ಬೆಟ್ಟ ಕಾಣುತ್ತದೆ. ಕೊಡೈಕಾನಲ್ ವೀಕ್ಷಣಾಲಯ ಈಗ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. ಅದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿದೆ.

ಕೊಡೈಕಾನಲಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಿಂದಲೇ ಭೂಮಿಯ ಕಾಂತವನ್ನೂ ಅಳೆಯುತ್ತಿದ್ದರು. ಅದಕ್ಕೆ ಸ್ಥಳವೂ ಅನುಕೂಲವಾದುದು. ನಡುವಿನಲ್ಲಿ ಸಮತೂಕಮಾಡಿ ಮೇಲಕ್ಕೂ ಕೆಳಕ್ಕೂ ತಿರುಗುವಂತೆ ತೂಗುಹಾಕಿದ ಕಾಂತಸೂಜಿ ಲಂಡನ್ನಿನಲ್ಲಿ ಅರವತ್ತು ಡಿಗ್ರಿಗೂ ಮೀರಿ ನೆಲದ ಕಡೆಗೆ ಬಾಗುತ್ತದೆ. ದಕ್ಷಿಣಕ್ಕೆ ಬಂದಂತೆ ಬಾಗು ತಗ್ಗುತ್ತ ಬಂದು, ನಮ್ಮ ದೇಶದ ತೆಂಕಣ ತುದಿಯಲ್ಲಿ ಸೂಜಿ ಹೆಚ್ಚು ಕಡಮೆ ಸಪಾಟಾಗಿ ನಿಲ್ಲುತ್ತದೆ. ಹಾಗೆ ನಿಲ್ಲುವ ಗೆರೆಗೆ ಕಾಂತೀಯ ವಿಷುವದ್ರೇಖೆಯೆಂದು ಹೆಸರು. 1963ರಲ್ಲಿ ತುಂಬಾ ಎಂಬ ಕಡಲ ತೀರದ ಊರಿನಿಂದ ಭಾರತದ ಮೊದಲ ರಾಕೆಟ್ಟನ್ನು ಹಾರಿಸಿದುದಕ್ಕೆ ಅದು ಈ ರೇಖೆಯ ಬಳಿ ಇದ್ದುದೇ ಕಾರಣ. ಯೂರೋಪಿಗೆಂದು ಮಾಡಿದ ದಿಕ್ಸೂಚಿಯ ಸೂಜಿಗೆ ಒಂದು ಬದಿಯಲ್ಲಿ ಪುಟ್ಟ ತೂಕವಿಟ್ಟಿರುತ್ತಾರೆ. ಅಲ್ಲಿಯ ಬಾಗುವಿಕೆಯನ್ನು ಆ ತೂಕದ ಭ್ರಾಮಕ ಸರಿದೂಗಿಸುತ್ತದೆ. ಅದೇ ಸೂಜಿಯನ್ನು ಪೆರಿಯಕುಳಮಿಗೆ ತಂದರೆ ಎಳೆಯುವ ಕಾಂತವಿಲ್ಲದೆ ತೂಕವೇ ಗೆದ್ದು ಸೂಜಿ ಓರೆಯಾಗುತ್ತದೆ. ಭೂಮಿ ಕಾಂತಸೂಜಿಯ ಎರಡು ತುದಿಗಳನ್ನು ಸಮಬಲದಿಂದ ಎದುರುಬದುರು ದಿಕ್ಕುಗಳಿಗೆ ಎಳೆಯುತ್ತದೆ. ಆದಕಾರಣ ಸೂಜಿ ಇದ್ದೆಡೆಯಿಂದ ಸರಿಯದು, ತಿರುಗುವುದು ಮಾತ್ರ. ಏತದ ತೊಲೆಯಲ್ಲಿ ಕಂಡ ಭ್ರಾಮಕ ಇಲ್ಲಿಯೂ ಇದೆ. ಕೂಲಿಯಾಳಿನ ಬದಲು ಭೂಮಿಯ ಕಾಂತ.

ತಿರುಗುವ ಕಾಂತಕ್ಕೂ ಹರಿಯುವ ವಿದ್ಯುತ್ತಿಗೂ ಇರುವ ನಂಟನ್ನು 1820ರಲ್ಲಿ ಡೆನ್ಮಾರ್ಕಿನ ಅರ್‌ಸ್ಟೆಡ್ ಅವರೂ 1831ರಲ್ಲಿ ಇಂಗ್ಲೆಂಡಿನ ಫ್ಯಾರಡೆಯವರೂ ತೋರಿಸಿಕೊಟ್ಟ ಕಥೆ ಎಲ್ಲ ಪುಸ್ತಕಗಳಲ್ಲಿಯೂ ಇದೆ. ತಂತಿಯಲ್ಲಿ ವಿದ್ಯುತ್ತು ಹರಿದರೆ ಸೂಜಿ ತಿರುಗುತ್ತದೆ; ಕಾಂತ ಮತ್ತು ಸುರುಳಿಗಳಲ್ಲಿ ಒಂದನ್ನು ತಿರುಗಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಬೀಳುವ ನೀರಿನಿಂದ ಹೀಗೆ ತಿರುಗಿಸುವ ಕೆಲಸವನ್ನು ದಕ್ಷಿಣ ಭಾರತದಲ್ಲಿ ದೊಡ್ಡ ಪ್ರಮಾಣದಲ್ಲಿ ಮೊದಲು ಮಾಡಿದ ಕೀರ್ತಿ ಮೈಸೂರಿನದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತು ಮೈಲಿಗೂ ಆಚೆಯ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಆಗ ಪೆರಿಯಾರಿನ ನೀರು ಏಳು ವರ್ಷಗಳಿಂದ ಸಾವಿರ ಅಡಿಗೂ ಹೆಚ್ಚು ಎತ್ತರದಿಂದ ಸುಮ್ಮನೆ ಬೀಳುತ್ತಿತ್ತು.

ಈ ಬೀಳುವಿಕೆ ಯಾರ ಸ್ವತ್ತು? ಮದರಾಸು ಸರ್ಕಾರ ವಿದ್ಯುತ್ತನ್ನು ತಯಾರಿಸಲು ಬಯಸಿದಾಗ ತಿರುವಾಂಕೂರು ಅಡ್ಡಬಂದಿತು: ನಾವು ಕೊಟ್ಟದ್ದು ನೀರಾವರಿಗೆಂದು ನೀರನ್ನು, ಅದು ಬೀಳುವಾಗಿನ ಶಕ್ತಿಯನ್ನಲ್ಲ. ಪಂಚಾಯಿತಿ ನಡೆದು, 1941ರಲ್ಲಿ ಮಧ್ಯಸ್ಥರಾದ ನಳಿನಿ ರಂಜನ್ ಚಟರ್ಜಿಯವರು ತಿರುವಾಂಕೂರಿನ ವಾದವನ್ನೇ ಎತ್ತಿಹಿಡಿದರು. ಚಕ್ರವನ್ನು ತಿರುಗಿಸಿದ ನೀರು ಹೊಲಕ್ಕೆ ಬರುವಾಗ ಒಂದು ಹನಿಯೂ ಕಡಮೆಯಾಗಿರುವುದಿಲ್ಲ. ಆದರೂ ಅದು ಏನನ್ನೋ ಕಳೆದುಕೊಂಡಿರುತ್ತದೆ. ದ್ರವ್ಯ ಬೇರೆ, ಶಕ್ತಿ ಬೇರೆ ಎಂಬ ಪಾಠವನ್ನು ಇಷ್ಟು ಸ್ಪಷ್ಟವಾಗಿ ಕಲಿಸಿದ ತೀರ್ಪು ಇನ್ನೊಂದನ್ನು ನಾನು ಕಾಣೆ. ಸ್ವಾತಂತ್ರ್ಯಾನಂತರ ಎರಡು ರಾಜ್ಯಗಳೂ ಮಾತಾಡಿಕೊಂಡವು. ಘಟ್ಟದ ಬುಡದ ಲೋಯರ್ ಕ್ಯಾಂಪಿನಲ್ಲಿ 1958ರಿಂದ 1965ರವರೆಗೆ 35 ಮೆಗಾವಾಟಿನ ನಾಲ್ಕು ಯಂತ್ರಗಳು ಒಂದಾದ ಮೇಲೊಂದು ತಿರುಗತೊಡಗಿದವು. 1970ರ ಪೂರಕ ಒಪ್ಪಂದದಲ್ಲಿ ಗೇಣಿ ಎಕರೆಗೆ 30 ರೂಪಾಯಿಗೇರಿತು. ವಿದ್ಯುತ್ತಿಗೆ ಬೇರೆಯಾಗಿ ಕಿಲೋವಾಟ್-ವರ್ಷಕ್ಕೆ 12 ರೂಪಾಯಿ ನಿಶ್ಚಯವಾಯಿತು. ಕುಮಳಿಯ ಘಾಟಿಯನ್ನು ಬಸ್ಸಿನಲ್ಲಿ ಹತ್ತುವವರಿಗೆ ಬೆಟ್ಟದ ಮೈಮೇಲೆ ಇಳಿಯುವ ನಾಲ್ಕು ದಪ್ಪ ಕೊಳವೆಗಳು ಕಾಣುತ್ತವೆ.

ಕೊಳವೆಯ ಕೊನೆಯಲ್ಲಿ ನಡೆಯುವುದನ್ನು ಸೈಕಲ್ಲಿನ ಡೈನಮೊ ಇದ್ದವರು ಮನೆಯಲ್ಲಿಯೇ ಪರೀಕ್ಷಿಸಬಹುದು. ದೀಪದ ತಂತಿಯನ್ನು ಬಿಚ್ಚಿದ್ದರೆ ಪೆಡಲು ಹಗುರ. ತಂತಿಯನ್ನು ಸಿಕ್ಕಿಸಿ ದೀಪ ಹತ್ತಿದೊಡನೆ ಭಾರ. ಸುರುಳಿಯಲ್ಲಿ ಹರಿಯುವ ವಿದ್ಯುತ್ತು ತಾನೇ ಒಂದು ಕಾಂತವಾಗಿ, ತನ್ನನ್ನು ಹುಟ್ಟಿಸಿದ ತಿರುಗುವಿಕೆಯನ್ನೇ ಎದುರಿಸುತ್ತದೆ. ಕಣಿವೆಯಲ್ಲಿ ಸಂಜೆ ದೀಪಗಳು ಹತ್ತಿದಾಗ ಲೋಯರ್ ಕ್ಯಾಂಪಿನ ಕಾಂತಗಳು ಚಕ್ರವನ್ನು ಹಿಂದಕ್ಕೆ ಎಳೆಯುತ್ತವೆ. ನೀರಿನ ತಳ್ಳು ಅದನ್ನು ಮುಂದಕ್ಕೆ ಒಯ್ಯುತ್ತದೆ. ಅಣೆಯಲ್ಲಿ ನೀರಿನ ಭ್ರಾಮಕಕ್ಕೆ ಕಲ್ಲು ಎದುರಾಳಿ. ಇಲ್ಲಿ ಅದಕ್ಕೆ ಕಾಂತ ಎದುರಾಳಿ. ಅಲ್ಲಿ ಚಲನೆಯಾದರೆ ಅನಾಹುತ, ಇಲ್ಲಿ ಚಲನೆ ನಿಂತರೆ ಕತ್ತಲೆ.

ವಿದ್ಯುತ್ತು ಬಂದ ಮೇಲೆ ಬಾವಿಗಳಿಗೂ ಮೋಟಾರು ಬಂದಿತು. ಮೋಟಾರೆಂದರೆ ತಲೆಕೆಳಗು ಮಾಡಿದ ಡೈನಮೊ; ವಿದ್ಯುತ್ತನ್ನು ಕೊಟ್ಟರೆ ತಿರುಗುತ್ತದೆ. ಏತದ ಆಳು ತೊಲೆಯಿಂದಿಳಿದನು. ಕಪಿಲೆಯ ಎತ್ತುಗಳ ಇಳಿಜಾರು ಬಳಕೆ ತಪ್ಪಿತು. ನೀರು ಮೇಲಕ್ಕೆ ಬರುವುದು ಸುಲಭವಾದಂತೆ ಬಾವಿಗಳು ಇನ್ನಷ್ಟು ಆಳವಾದುದೂ ನಿಜ.

ಕಣಿವೆಯ ತುದಿಯಿಂದ ಕೆಳಕ್ಕೆ 14,707 ಎಕರೆ ಎರಡು ಬೆಳೆಯ ಗದ್ದೆಗಳಿವೆ. ಮೊದಲ ಬೆಳೆಗೆ ರೂಢಿಯಂತೆ ಜೂನ್ ಒಂದರಂದು ಸುರಂಗದ ಬಾಗಿಲನ್ನು ತೆರೆಯಬೇಕು. ಮುಂಗಾರು ತಡವಾಗಿ, ಅಣೆಯ ಅಳತೆಗಲ್ಲಿನಲ್ಲಿ ನೀರು ಸಾಲದೆ ಹೋದ ವರ್ಷ ಬಾಗಿಲು ಮುಚ್ಚಿಯೇ ಇರುತ್ತದೆ. ಆಗ ಗದ್ದೆಗಳ ಸಸಿಮಡಿಗಳು ಕಾಯುತ್ತವೆ, ಲೋಯರ್ ಕ್ಯಾಂಪಿನ ಚಕ್ರಗಳೂ ನಿಲ್ಲುತ್ತವೆ.